ಹೊಲದ ದಾರಿಯ ಹಕ್ಕಿಪಕ್ಷಿಗಳು



ಬೆಳಗ್ಗೆ ಎದ್ದು ಹೊಲಕ್ಕೆ ಹೋಗುವ ದಾರಿ ನಿಮಗೆ ಕಣ್ಣು ಕಟ್ಟಿ ಬಿಟ್ಟರೂ ತಿಳಿಯುವಂಥದು. ಯಾವ ಬದುವಿನ ಕಲ್ಲು ಸಡಿಲವಾಗಿದೆ, ಯಾವ ಬೇಲಿಯಲ್ಲಿ ದನ ನುಗ್ಗುವ ಕಂಡಿ ಬಿದ್ದಿದೆ, ಯಾರ ಹೊಲದ ಬೆಳೆ ಹಳದಿಗೆ ತಿರುಗಿದೆ ಎಂಬುದನ್ನೆಲ್ಲ ನಡೆಯುತ್ತಲೇ ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೀರಿ. ಆದರೆ ಅದೇ ದಾರಿಯಲ್ಲಿ ತಂತಿಯ ಮೇಲೆ ಕುಳಿತಿದ್ದ ಹಕ್ಕಿ ಯಾವುದು, ಅದು ನೆಲಕ್ಕೆ ಇಳಿದು ಏನನ್ನು ಕಚ್ಚಿಕೊಂಡು ಹೋಯಿತು ಎಂದು ಯಾರಾದರೂ ಕೇಳಿದರೆ, "ಯಾವುದೋ ಹಕ್ಕಿ" ಎಂದು ಹೇಳಿ ಮುಂದೆ ನಡೆಯುವವರೇ ಹೆಚ್ಚು. ಆ "ಯಾವುದೋ ಹಕ್ಕಿ" ನಿಮ್ಮ ಕಡಲೆಯ ಹುಳುವನ್ನು ತಿಂದಿತೋ, ನಿಮ್ಮ ಸೂರ್ಯಕಾಂತಿಯ ಕಾಳನ್ನು ತಿಂದಿತೋ ಎಂಬುದು ತಿಳಿಯದೆ ಹೋದರೆ ನಷ್ಟ ಹಕ್ಕಿಗಲ್ಲ, ನಿಮಗೆ. ಆದಕಾರಣ ಈ ಸಂಚಿಕೆಯಲ್ಲಿ ದಿನನಿತ್ಯ ಕಾಣುವ ಹಕ್ಕಿಗಳನ್ನೂ ಒಂದೆರಡು ಬೇರೆ ಜೀವಿಗಳನ್ನೂ ಕುರಿತು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ನೋಡುವುದು ಹೇಗೆ?

ಹಕ್ಕಿ ನೋಡಲು ದುರ್ಬೀನು ಇದ್ದರೆ ಒಳ್ಳೆಯದೇ, ಆದರೆ ಇರಲೇಬೇಕೆಂದಿಲ್ಲ. ಬೆಳಗ್ಗೆ ಬಿಸಿಲು ಏರುವ ಮೊದಲು, ಸಂಜೆ ಹೊತ್ತು ಇಳಿಯುವಾಗ, ಒಂದೇ ದಾರಿಯಲ್ಲಿ ನಿಧಾನವಾಗಿ ನಡೆದು ಅಲ್ಲಲ್ಲಿ ನಿಂತು ನೋಡಿದರೆ ಸಾಕು. ಮೊದಲು ಗಾತ್ರವನ್ನು ಗಮನಿಸಿರಿ. ಇದಕ್ಕೆ ನಿಮಗೆ ಚೆನ್ನಾಗಿ ಗೊತ್ತಿರುವ ಮೂರು ಹಕ್ಕಿಗಳೇ ಅಳತೆಗೋಲು: ಗುಬ್ಬಚ್ಚಿ, ಗೊರವಂಕ, ಕಾಗೆ. ಹೊಸ ಹಕ್ಕಿ ಕಂಡರೆ "ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು" ಎಂದು ಹೇಳಿಕೊಂಡರೆ ಅರ್ಧ ಗುರುತು ಸಿಕ್ಕಂತೆಯೇ.

ಆಮೇಲೆ ಕೊಕ್ಕನ್ನು ನೋಡಿರಿ. ಬಡಗಿಯ ಚೀಲದಲ್ಲಿ ಉಳಿ, ಬಾಚಿ, ಗರಗಸ ಬೇರೆ ಬೇರೆ ಇರುವಂತೆ ಹಕ್ಕಿಯ ಕೊಕ್ಕು ಅದರ ಕಸುಬನ್ನು ಹೇಳುತ್ತದೆ. ಗುಬ್ಬಚ್ಚಿಯ ಕೊಕ್ಕು ಗಿಡ್ಡ ಮತ್ತು ದಪ್ಪ. ಕಾಳು ಒಡೆಯುವುದಕ್ಕೆ ತಕ್ಕದ್ದು. ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟಿರುವ ಚಂದ್ರಮುಕುಟದ ಕೊಕ್ಕು ದಬ್ಬಳದ ಹಾಗೆ ಉದ್ದ. ಅದು ನೆಲಕ್ಕೆ ಚುಚ್ಚಿ ಮಣ್ಣಿನೊಳಗಿನ ಹುಳುವನ್ನು ಎಳೆದು ತೆಗೆಯುತ್ತದೆ. ಹೂವಿನಿಂದ ಹೂವಿಗೆ ಹಾರುವ ಪುಟ್ಟ ಸೂರಕ್ಕಿಯದು ಸಣ್ಣಗೆ ಬಾಗಿದ ಕೊಕ್ಕು. ಅದಕ್ಕೆ ಬೇಕಾದದ್ದು ಮಕರಂದ. ಗೂಬೆ, ಗಿಡುಗಗಳ ಕೊಕ್ಕು ಕೊಕ್ಕೆಯಂತೆ ಬಾಗಿ ಮಾಂಸ ಹರಿಯಲು ಸಿದ್ಧವಾಗಿರುತ್ತದೆ.

ಆದರೆ ಕೊಕ್ಕನ್ನು ನೋಡಿದೊಡನೆ ತೀರ್ಪು ಕೊಟ್ಟುಬಿಡಬಾರದು. ಕಾಳು ತಿನ್ನುವ ಗುಬ್ಬಚ್ಚಿಯೇ ತನ್ನ ಮರಿಗಳಿಗೆ ಮೊದಮೊದಲು ಕಾಳು ಕೊಡುವುದಿಲ್ಲ. ಹೆರಿಗೆಯಾದ ಮನೆಯಲ್ಲಿ ಕೂಸಿಗೆ ರೊಟ್ಟಿ ಮುರಿದು ಕೊಡುವವರುಂಟೆ? ಹಾಗೆಯೇ ಗುಬ್ಬಚ್ಚಿಯೂ ಗೀಜಗವೂ ಮರಿಗಳಿಗೆ ಮೆತ್ತನೆಯ ಹುಳುಗಳನ್ನೇ ಹುಡುಕಿ ತಂದು ಉಣಿಸುತ್ತವೆ. ಗೂಡಿನಲ್ಲಿ ಮರಿಯಿರುವ ದಿನಗಳಲ್ಲಿ ಅರ್ಧ ಗಂಟೆ ದೂರದಲ್ಲಿ ಕುಳಿತು, ತಾಯಿ ಎಷ್ಟು ಸಲ ಬಂದುಹೋಯಿತು, ಪ್ರತಿ ಸಲ ಬಾಯಲ್ಲಿ ಏನಿತ್ತು ಎಂದು ಎಣಿಸಿ ನೋಡಿರಿ. ಪುಸ್ತಕ ಓದಿ ತಿಳಿಯುವುದಕ್ಕಿಂತ ಹೆಚ್ಚು ಆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದು ದೊಡ್ಡ ದೇಶವೇ ಪೆಟ್ಟು ತಿಂದದ್ದುಂಟು. ೧೯೫೮ರಲ್ಲಿ ಚೀನಾ ದೇಶದಲ್ಲಿ ಇಲಿ, ನೊಣ, ಸೊಳ್ಳೆಗಳೊಂದಿಗೆ ಗುಬ್ಬಚ್ಚಿಯನ್ನೂ ಶತ್ರುಗಳ ಪಟ್ಟಿಗೆ ಸೇರಿಸಿದರು. ಗುಬ್ಬಚ್ಚಿ ಕಾಳು ತಿನ್ನುತ್ತದೆ, ಅದನ್ನು ಕೊಂದರೆ ಕಾಳು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಊರ ಜನರೆಲ್ಲ ತಗಡು, ತಮಟೆ ಬಡಿಯುತ್ತ ಹಕ್ಕಿಗಳಿಗೆ ಕೂರಲು ಎಡೆಗೊಡದೆ, ದಣಿದು ಬೀಳುವವರೆಗೆ ಅಟ್ಟಿದರು, ಗೂಡುಗಳನ್ನು ಕಿತ್ತರು, ಮೊಟ್ಟೆಗಳನ್ನು ಒಡೆದರು. ಆಮೇಲೆ ಹೊಲಗಳಲ್ಲಿ ಹುಳುಗಳ ಕಾಟ ಹೆಚ್ಚಿತು. ಹಕ್ಕಿಗಳ ಹೊಟ್ಟೆಯನ್ನು ಸೀಳಿ ನೋಡಿದ ವಿಜ್ಞಾನಿಗಳು ಅದರೊಳಗೆ ಕಾಳಿನ ಜೊತೆಗೆ ಹುಳುಗಳೂ ಇದ್ದುದನ್ನು ತೋರಿಸಿಕೊಟ್ಟರು. ೧೯೬೦ರಲ್ಲಿ ಪಟ್ಟಿಯಿಂದ ಗುಬ್ಬಚ್ಚಿಯ ಹೆಸರನ್ನು ತೆಗೆದು ಆ ಜಾಗಕ್ಕೆ ತಿಗಣೆಯನ್ನು ಹಾಕಿದರು. ಆ ವರ್ಷಗಳ ಭಯಂಕರ ಬರಗಾಲಕ್ಕೆ ಬೇರೆ ದೊಡ್ಡ ಕಾರಣಗಳೂ ಇದ್ದವು ಎಂಬುದು ನಿಜ. ಆದರೆ ಗುಬ್ಬಚ್ಚಿಯನ್ನು ಕೊಂದದ್ದರಿಂದ ಕಣಜ ತುಂಬಲಿಲ್ಲ.

ನೇಗಿಲ ಹಿಂದೆ ಬರುವವರು

ನೇಗಿಲಾಗಲಿ ಟ್ರ್ಯಾಕ್ಟರಾಗಲಿ, ಉಳುವಾಗ ಹಿಂದೆ ತಿರುಗಿ ನೋಡಿದರೆ ನೆಂಟರ ಬಳಗವೇ ಬಂದಿರುತ್ತದೆ. ಬೆಳ್ಳಗಿರುವುದೆಲ್ಲ ಒಂದೇ ಬೆಳ್ಳಕ್ಕಿಯಲ್ಲ. ಹಳದಿ ಕೊಕ್ಕಿನ ಗಿಡ್ಡ ಕತ್ತಿನದು ಗೋವಕ್ಕಿ. ಅದು ದನಗಳ ಬೆನ್ನು ಬಿಡದೆ ನಡೆಯುವಂಥದು. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ ಇದ್ದರೆ ಅದು ನೀರಿನ ಅಂಚಿನಲ್ಲಿ ಮೀನು ಹಿಡಿಯುವ ಪುಟ್ಟ ಬೆಳ್ಳಕ್ಕಿ. ದನ ಹೆಜ್ಜೆ ಇಟ್ಟಾಗ ಹುಲ್ಲಿನಿಂದ ಮಿಡತೆ ಹಾರುತ್ತದೆ. ಗೋವಕ್ಕಿ ಅದನ್ನು ಹಿಡಿಯುತ್ತದೆ. ತಾನೇ ಹುಡುಕಿ ಹಿಡಿಯುವುದಕ್ಕಿಂತ ದನದ ಜೊತೆಗೆ ನಡೆದರೆ ಕಡಿಮೆ ಶ್ರಮಕ್ಕೆ ಹೆಚ್ಚು ಊಟ ಎಂಬುದನ್ನು ಅದು ಚೆನ್ನಾಗಿ ಅರಿತಿದೆ. ಮರಿ ಮಾಡುವ ಕಾಲ ಬಂದಾಗ ಇದೇ ಹಕ್ಕಿಯ ತಲೆ, ಕತ್ತು, ಬೆನ್ನು ಕೇಸರಿ ಬಣ್ಣಕ್ಕೆ ತಿರುಗುತ್ತವೆ. ಹೊಸ ಹಕ್ಕಿ ಬಂತೆಂದು ಆಗ ಮೋಸ ಹೋಗಬಾರದು.

ಮಾಗಿ ಉಳುಮೆ ಮಾಡಿರಿ ಎಂದು ಕೃಷಿ ಇಲಾಖೆಯವರು ಹೇಳುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಕಾಯಿಕೊರಕ ಹುಳು ಬೆಳೆಯನ್ನು ತಿಂದು ಕೊಬ್ಬಿದ ಮೇಲೆ ಮಣ್ಣಿಗಿಳಿದು ಅಲ್ಲಿಯೇ ಕೋಶವಾಗಿ ಮಲಗುತ್ತದೆ. ಕಬ್ಬು, ಶೇಂಗಾಗಳ ಬೇರು ಕಡಿಯುವ ಗೊಣ್ಣೆಹುಳು ಇರುವುದೂ ಮಣ್ಣಿನಲ್ಲೇ. ಆಳವಾಗಿ ಉತ್ತಾಗ ಇವೆಲ್ಲ ಮೇಲಕ್ಕೆ ಬೀಳುತ್ತವೆ. ಬಿಸಿಲಿಗೆ ಕೆಲವು ಸಾಯುತ್ತವೆ, ಉಳಿದವನ್ನು ಗೋವಕ್ಕಿ, ಗೊರವಂಕ, ಕಾಗೆ, ಕಾಜಾಣಗಳು ಆರಿಸುತ್ತವೆ. ಹಗಲಿನಲ್ಲಿ, ಹಕ್ಕಿಗಳು ಓಡಾಡುವ ಹೊತ್ತಿನಲ್ಲಿ ಉಳುವುದರಿಂದ ಈ ಲಾಭ. ರಾತ್ರಿ ದೀಪ ಹಾಕಿಕೊಂಡು ಟ್ರ್ಯಾಕ್ಟರ್ ಓಡಿಸಿದರೆ ಕೂಲಿಯಿಲ್ಲದ ಈ ಆಳುಗಳು ಬರುವುದಿಲ್ಲ.

ಗೊರವಂಕದ ವಿಷಯದಲ್ಲಿ ಒಂದು ಹಳೆಯ ಸಂಗತಿ ಉಂಟು. ಮಾರಿಷಸ್ ದ್ವೀಪದಲ್ಲಿ ಕಬ್ಬಿಗೆ ಕೆಂಪು ಮಿಡತೆಯ ಕಾಟ ಅತಿಯಾದಾಗ, ೧೭೬೨ರಲ್ಲಿ ನಮ್ಮ ಭಾರತದಿಂದ ಗೊರವಂಕಗಳನ್ನು ಹಡಗಿನಲ್ಲಿ ಒಯ್ದು ಅಲ್ಲಿ ಬಿಟ್ಟರು. ಒಂದು ದೇಶದ ಜೀವಿಯನ್ನು ಇನ್ನೊಂದು ದೇಶಕ್ಕೆ ಒಯ್ದು ಕೀಟವನ್ನು ಹತೋಟಿಗೆ ತರಲು ಯತ್ನಿಸಿದ ಮೊದಲ ಉದಾಹರಣೆ ಎಂದು ಇದನ್ನು ಹೇಳುವುದುಂಟು. ಆಮೇಲೆ ಆಸ್ಟ್ರೇಲಿಯಕ್ಕೂ ಒಯ್ದರು. ಆದರೆ ಅಲ್ಲಿ ಅದು ಸ್ಥಳೀಯ ಹಕ್ಕಿಗಳ ಮರದ ಪೊಟರೆಗಳನ್ನು ಕಸಿದುಕೊಂಡು ದೊಡ್ಡ ಪೀಡೆಯಾಯಿತು. ತನ್ನ ಊರಿನಲ್ಲಿ ಸಜ್ಜನನಾಗಿದ್ದವನು ಪರವೂರಿಗೆ ಹೋಗಿ ಪುಂಡನಾದಂತೆ. ನಮ್ಮ ಹೊಲದ ಮಟ್ಟಿಗೆ ಗೊರವಂಕ ಒಳ್ಳೆಯ ಹಕ್ಕಿಯೇ ಸರಿ, ದ್ರಾಕ್ಷಿ, ಅಂಜೂರಗಳ ತೋಟದವರು ಮಾತ್ರ ಹಾಗೆ ಹೇಳಲಾರರು.

ಸೆಪ್ಟೆಂಬರು ಹೊತ್ತಿಗೆ ಉತ್ತ ಹೊಲದಲ್ಲಿಯೂ ಗದ್ದೆಯ ಬದುವಿನಲ್ಲಿಯೂ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ಓಡುವ ತೆಳ್ಳನೆಯ ಹಕ್ಕಿಯೊಂದು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸಿಪಿಲೆ ಎಂದು ಹೆಸರು; ನಗು ಬರುವ ಹೆಸರೊಂದು ಹಳ್ಳಿಗಳಲ್ಲಿದೆ, ಕುಂಡೆಕುಸ್ಕ ಎಂದು. ಕೆಲವು ಜಾತಿಯ ಸಿಪಿಲೆಗಳು ಹಿಮಾಲಯದಿಂದಲೂ ಅದರಾಚೆಯ ಶೀತ ದೇಶಗಳಿಂದಲೂ ಬಂದು ಚಳಿಗಾಲವನ್ನು ನಮ್ಮಲ್ಲಿ ಕಳೆದು ಬೇಸಗೆಯಲ್ಲಿ ಹಿಂದಿರುಗುತ್ತವೆ. ಅದು ನಿಮ್ಮ ಬದುವಿಗೆ ಬಂದ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. ಮರುವರ್ಷ ಎಷ್ಟು ದಿನದ ಹೆಚ್ಚುಕಡಿಮೆಯಲ್ಲಿ ಬರುತ್ತದೆ ನೋಡಿ ಆಶ್ಚರ್ಯಪಡುವಿರಿ.

ಕಾಯಿಕೊರಕಕ್ಕೆ ಕಾವಲು

ಕಡಲೆ, ತೊಗರಿ ಬೆಳೆಯುವವರಿಗೆ ಕಾಯಿಕೊರಕದ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆಗಳನ್ನು ಎಲೆ, ಮೊಗ್ಗುಗಳ ಮೇಲೆ ಒಂದೊಂದಾಗಿ ಇಡುತ್ತದೆ. ಹುಳು ತಲೆಯನ್ನು ಕಾಯೊಳಗೆ ತೂರಿಸಿ ಮೈಯನ್ನು ಹೊರಗೆ ಬಿಟ್ಟು ಕಾಳನ್ನು ತಿನ್ನುತ್ತದೆ. ಹೊರಗೆ ಉಳಿದ ಆ ಮೈಯೇ ಹಕ್ಕಿಗೆ ಕಾಣಿಸುವ ಗುರಿ.

ಈ ಕೆಲಸಕ್ಕೆ ಕಾಜಾಣದಂಥ ಹಕ್ಕಿ ಬೇರೊಂದಿಲ್ಲ. ಮೈಯೆಲ್ಲ ಕಪ್ಪು, ಬಾಲ ಮೀನಿನ ಬಾಲದಂತೆ ಸೀಳು, ಗಾತ್ರ ಗೊರವಂಕಕ್ಕೆ ಸಮೀಪ. ಎತ್ತರದಲ್ಲಿ ಕುಳಿತು ಸುತ್ತಲೂ ನೋಡುತ್ತ ಹುಳು ಅಲುಗಿದೊಡನೆ ಎರಗಿ ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂರುವುದು ಇದರ ಪದ್ಧತಿ. ಗೂಡಿನ ಹತ್ತಿರ ಕಾಗೆ ಸುಳಿದರೂ ಹದ್ದು ಸುಳಿದರೂ ಬೆನ್ನಟ್ಟಿ ಹೊಡೆಯುವ ಎದೆಗಾರಿಕೆ ಇದಕ್ಕಿದೆ. ಆದುದರಿಂದಲೇ ಬೇರೆ ಸಾಧು ಹಕ್ಕಿಗಳು ಕಾಜಾಣ ಗೂಡು ಕಟ್ಟಿದ ಮರವನ್ನು ಹುಡುಕಿ ಅಲ್ಲೇ ತಾವೂ ಗೂಡು ಕಟ್ಟುವುದುಂಟು. ಜೇನು ಸಾಕುವವರಿಗೆ ಮಾತ್ರ ಇದರ ಮೇಲೆ ಸಿಟ್ಟು, ಏಕೆಂದರೆ ಇದು ಜೇನ್ನೊಣವನ್ನೂ ಹಿಡಿಯುತ್ತದೆ.

ಕಾಜಾಣಕ್ಕೆ ಬೇಕಾದದ್ದು ಕೂರಲು ಒಂದು ಜಾಗ. ಬಯಲು ಸೀಮೆಯ ಎರೆಹೊಲದಲ್ಲಿ ಕಣ್ಣು ಹಾಯುವಷ್ಟು ದೂರ ಮರವಿಲ್ಲದಿದ್ದರೆ ಅದು ಎಲ್ಲಿ ಕೂರಬೇಕು? ಅದಕ್ಕೆ ಉಪಾಯ ಸುಲಭ. ಬೆಳೆಗಿಂತ ಒಂದೆರಡು ಅಡಿ ಎತ್ತರ ನಿಲ್ಲುವಂಥ ಕೋಲಿಗೆ ಅಡ್ಡಲಾಗಿ ಇನ್ನೊಂದು ಕಡ್ಡಿ ಕಟ್ಟಿ, ಎಕರೆಗೆ ೧೫ರಿಂದ ೨೦ರಂತೆ ಹೊಲದಲ್ಲಿ ನೆಡಿರಿ. ತೊಗರಿ ಕಟ್ಟಿಗೆಯಾಗಲಿ ಬೇಲಿಯ ಕೋಲಾಗಲಿ ಸಾಕು, ಖರ್ಚು ಏನೂ ಇಲ್ಲ. ಕಡಲೆ ಬಿತ್ತುವಾಗ ಅಲ್ಲಲ್ಲಿ ಜೋಳದ ಕಾಳನ್ನು ಬೆರೆಸಿ ಹಾಕುವುದೂ ಇದೇ ಉದ್ದೇಶಕ್ಕೆ. ಎತ್ತರಕ್ಕೆ ಬೆಳೆದ ಜೋಳದ ದಂಟೇ ಹಕ್ಕಿಗೆ ಪೀಠವಾಗುತ್ತದೆ.

ಎಳ್ಳಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ರೈತರು ಸಂಸಾರ ಸಮೇತ ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಮಾಡಿ ಚರಗ ಚೆಲ್ಲುತ್ತಾರಲ್ಲವೆ? ಸಜ್ಜೆ ರೊಟ್ಟಿ, ಕಡುಬು, ಪಲ್ಯ ಎಲ್ಲವೂ ಹೊಲದ ಉದ್ದಗಲಕ್ಕೆ ಬೀಳುತ್ತದೆ. ಆ ಹೊತ್ತಿಗೆ ಹಿಂಗಾರಿ ಕಡಲೆ ಹೂವು ಕಾಯಿಯಲ್ಲಿರುತ್ತದೆ, ಹುಳುವೂ ಬಿದ್ದಿರುತ್ತದೆ. ಚರಗವನ್ನು ತಿನ್ನಲು ಬಂದ ಗೊರವಂಕ, ಕಾಗೆಗಳು ಅದು ಮುಗಿದ ಮೇಲೆ ಸುಮ್ಮನೆ ಹಾರಿಹೋಗುವುದಿಲ್ಲ. ಸಾಲಿನಲ್ಲಿ ಓಡಾಡಿ ಹುಳುವನ್ನೂ ಆರಿಸುತ್ತವೆ. ಹಿರಿಯರು ಇದನ್ನು ಎಣಿಸಿಯೇ ಮಾಡಿದರೋ ಭಕ್ತಿಯಿಂದ ಮಾಡಿದರೋ, ಎರಡೂ ಕೂಡಿಬಂದಿದೆ. ಹಬ್ಬ ಮುಗಿದ ಮೇಲೂ ಹುಳು ಕಂಡ ದಿನಗಳಲ್ಲಿ ಬೆಳಗ್ಗೆ ನಾಲ್ಕು ಹಿಡಿ ಚುರುಮುರಿಯನ್ನೋ ಅನ್ನವನ್ನೋ ಸಾಲಿನಲ್ಲಿ ಎರಚಿ ನೋಡಬಹುದು.

ಎರಡು ಎಚ್ಚರಿಕೆಯ ಮಾತು ಇಲ್ಲಿ ಹೇಳಲೇಬೇಕು. ಮೊದಲನೆಯದು, ಹಕ್ಕಿ ಕೂರುವ ಕೋಲು ಹುಳುವಿನ ಕಾಲಕ್ಕೆ ಮಾತ್ರ. ಜೋಳ, ಸಜ್ಜೆ, ಭತ್ತದಂಥ ಬೆಳೆಯಲ್ಲಿ ತೆನೆ ಹಾಲುಗಾಳಾದ ಕೂಡಲೇ ಅದನ್ನು ಕಿತ್ತುಬಿಡಿರಿ. ಇಲ್ಲವಾದರೆ ಅದೇ ಕೋಲು ಕಾಳು ತಿನ್ನುವ ಹಕ್ಕಿಗೆ ಊಟದ ಮಣೆಯಾಗುತ್ತದೆ. ಎರಡನೆಯದು, ಒಂದು ಕಡೆ ಕೋಲು ನೆಟ್ಟು ಇನ್ನೊಂದು ಕಡೆ ವಾರಕ್ಕೊಮ್ಮೆ ಕಟುವಾದ ಔಷಧಿ ಹೊಡೆದರೆ ಏನೂ ಪ್ರಯೋಜನವಿಲ್ಲ. ವಿಷ ತಿಂದ ಹುಳುವನ್ನು ತಿಂದ ಹಕ್ಕಿಗೂ ಅಪಾಯ. ಗುಳಿಗೆ ರೂಪದ ವಿಷಗಳನ್ನು ಮಣ್ಣಿಗೆ ಹಾಕುವಾಗ ಮೇಲೆ ಬಿಡದೆ ಮುಚ್ಚಿರಿ. ಹಕ್ಕಿ ಅದನ್ನು ಕಾಳೆಂದೇ ಹೆಕ್ಕುತ್ತದೆ. ಬೀಜೋಪಚಾರ ಮಾಡಿದ ಬೀಜವನ್ನೂ ಬದುವಿನ ಮೇಲೆ ಚೆಲ್ಲಿ ಬರಬಾರದು.

ಹಾಗಾದರೆ ನಷ್ಟ ಮಾಡುವ ಹಕ್ಕಿಗಳೇ ಇಲ್ಲವೆ? ಖಂಡಿತವಾಗಿ ಉಂಟು, ಅದನ್ನು ಮುಚ್ಚಿಟ್ಟು ಫಲವಿಲ್ಲ. ಗಿಳಿಯ ಹಿಂಡು ಸೂರ್ಯಕಾಂತಿ, ಮೆಕ್ಕೆಜೋಳಗಳಿಗೆ ಬಿದ್ದರೆ ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ನವಿಲು ಬಿತ್ತಿದ ಬೀಜವನ್ನೂ ಎಳೆಯ ಮೊಳಕೆಯನ್ನೂ ಮುಕ್ಕುತ್ತದೆ. ನವಿಲು ಮೊದಲಿಗಿಂತ ಹೆಚ್ಚಾಗಿದೆ ಎಂದು ಕಟ್ಟೆಯ ಮೇಲೆ ಕುಳಿತು ನೀವು ಮಾತಾಡಿಕೊಳ್ಳುವುದು ಬರಿಯ ಗೊಣಗಾಟವಲ್ಲ. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಹಕ್ಕಿ ನೋಡುವವರು ಬರೆದಿಟ್ಟ ಲೆಕ್ಕದಿಂದ ೨೦೨೩ರಲ್ಲಿ ಸಿದ್ಧವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯೂ ಅದನ್ನೇ ಹೇಳುತ್ತದೆ. ೯೪೨ ಜಾತಿಗಳನ್ನು ಪರಿಶೀಲಿಸಿದ ಆ ವರದಿಯಲ್ಲಿ ನವಿಲು, ಕೋಗಿಲೆ, ಕಾಗೆ, ಪಾರಿವಾಳಗಳು ಚೆನ್ನಾಗಿಯೇ ಇವೆ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವಾದರೋ ಕಡಿಮೆಯಾಗುತ್ತಿದೆ. ಕಟಾವಾದ ಹೊಲದ ತಂತಿಯ ಮೇಲೆ ಮಂಕಾಗಿ ಕುಳಿತು, ಹಾರಿದಾಗ ರೆಕ್ಕೆಯಲ್ಲಿ ನೀಲಿ ಮಿಂಚಿಸಿ, ಮಿಡತೆ ಜೀರುಂಡೆಗಳನ್ನು ಹಿಡಿಯುವ ಹಕ್ಕಿ ಅದು. ಅಂದರೆ ನಮ್ಮ ಕಾಳು ತಿನ್ನುವುದು ಹೆಚ್ಚುತ್ತಿದೆ, ನಮ್ಮ ಹುಳು ತಿನ್ನುವುದು ಕುಗ್ಗುತ್ತಿದೆ. ಇದು ಯೋಚಿಸತಕ್ಕ ವಿಷಯ.

ನವಿಲು ೧೯೬೩ರಿಂದ ನಮ್ಮ ರಾಷ್ಟ್ರಪಕ್ಷಿ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಅದು ಇರುವುದರಿಂದ ಹೊಡೆದರೆ, ವಿಷವಿಟ್ಟರೆ ಸೆರೆಮನೆ ತಪ್ಪದು. ಆದುದರಿಂದ ಓಡಿಸುವುದೊಂದೇ ದಾರಿ. ಅಟ್ಟ ಕಟ್ಟಿ ಕವಣೆ ಬೀಸುವುದು ನಮ್ಮ ಹಿರಿಯರ ಪದ್ಧತಿ. ಬೆದರುಬೊಂಬೆಯನ್ನು ಎರಡು ದಿನಕ್ಕೊಮ್ಮೆ ಜಾಗ ಬದಲಿಸದಿದ್ದರೆ ಅದರ ತಲೆಯ ಮೇಲೆಯೇ ಕಾಗೆ ಕೂರುತ್ತದೆ. ಕೆಂಪು ಮತ್ತು ಬೆಳ್ಳಿ ಬಣ್ಣದ ಹೊಳೆಯುವ ಪಟ್ಟಿಯನ್ನು ಎರಡು ಮೂರು ಸುತ್ತು ತಿರುಚಿ, ಬೆಳೆಗಿಂತ ಸುಮಾರು ಒಂದು ಅಡಿ ಎತ್ತರದಲ್ಲಿ ಗೂಟದಿಂದ ಗೂಟಕ್ಕೆ ಕಟ್ಟಿದರೆ ಬಿಸಿಲಿಗೆ ಹೊಳೆದು, ಗಾಳಿಗೆ ಗುಂಯ್‌ಗುಟ್ಟಿ ಹಕ್ಕಿಗಳು ಹತ್ತಿರ ಬರಲು ಅಂಜುತ್ತವೆ. ಆದರೆ ಕೆಲವು ದಿನಗಳಲ್ಲಿ ಅದಕ್ಕೂ ಒಗ್ಗಿಕೊಳ್ಳುತ್ತವೆ. ಆದಕಾರಣ ಮೊದಲೇ ಕಟ್ಟಿ ಕುಳಿತುಕೊಳ್ಳದೆ ಕಾಳು ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಕಟ್ಟಬೇಕು.

ಗೂಬೆಯ ಮೇಲಿನ ಅಪವಾದ

ಗೂಬೆ ಮನೆಯ ಮೇಲೆ ಕೂತರೆ ಕೇಡು, ಕೂಗಿದರೆ ಸಾವು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕೂತದ್ದು ಏಕೆ ಎಂದು ಕೇಳಿದವರು ಕಡಿಮೆ. ಗೂಬೆ ಬರುವುದು ಇಲಿಯಿದ್ದಲ್ಲಿಗೆ. ಕಣಜವಿದ್ದ ಮನೆ, ಹುಲ್ಲಿನ ಬಣವೆ, ಹಳೆಯ ಗುಡಿ, ಪಾಳು ಗೋಡೆ, ಇವು ಅದಕ್ಕೆ ಬೇಟೆಯ ಜಾಗ. ಮುಖ ಬಿಳಿಯ ಹೃದಯಾಕಾರದ ತಟ್ಟೆಯಂತಿರುವುದು ಕಣಜದ ಗೂಬೆ. ಆ ತಟ್ಟೆ ಅಂದಕ್ಕಾಗಿ ಅಲ್ಲ. ಸದ್ದನ್ನು ಒಟ್ಟುಗೂಡಿಸಿ ಕಿವಿಗೆ ತಲುಪಿಸುವುದಕ್ಕಾಗಿ. ಅದರ ಎಡ ಕಿವಿಯ ರಂಧ್ರ, ಬಲ ಕಿವಿಯ ರಂಧ್ರ ಒಂದೇ ಮಟ್ಟದಲ್ಲಿಲ್ಲ. ಆದುದರಿಂದ ಸದ್ದು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂಬುದೂ ಅದಕ್ಕೆ ನಿಖರವಾಗಿ ಗೊತ್ತಾಗಿ, ಕಗ್ಗತ್ತಲೆಯಲ್ಲಿಯೂ ಇಲಿಯ ಸರಸರ ಸದ್ದಿಗೆ ಗುರಿಯಿಟ್ಟು ಎರಗುತ್ತದೆ. ರೆಕ್ಕೆಯ ಗರಿಯ ಅಂಚು ಕುಂಚದಂತೆ ಮೃದುವಾಗಿರುವುದರಿಂದ ಹಾರಿದ್ದು ಇಲಿಗೆ ಕೇಳಿಸುವುದೇ ಇಲ್ಲ.

ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಬಾಯಿಂದಲೇ ಹೊರಗೆ ಹಾಕುತ್ತದೆ. ಅದು ಹಗಲು ಕೂರುವ ಜಾಗದ ಕೆಳಗೆ ಇಂಥ ಬೂದು ಬಣ್ಣದ ಉಂಡೆಗಳು ಬಿದ್ದಿರುತ್ತವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ: ಒಂದನ್ನು ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಇಲಿಯ ತಲೆಬುರುಡೆ, ಹಲ್ಲುಗಳು ಒಂದೊಂದಾಗಿ ಸಿಕ್ಕುತ್ತವೆ. ಬುರುಡೆಗಳನ್ನು ಎಣಿಸಿದರೆ ಎಷ್ಟು ಇಲಿ ಎಂಬ ಲೆಕ್ಕವೂ ಸಿಕ್ಕಿತು. ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಸಿರಿ. ಇಲಿಪಾಷಾಣ ಇಡುವವರಾದರೆ ಸತ್ತ ಇಲಿಗಳನ್ನು ದಿನವೂ ಹುಡುಕಿ ಹೂಳಬೇಕು. ಕೆಲವು ಇಲಿಪಾಷಾಣಗಳು ಸತ್ತ ಇಲಿಯ ಮೈಯಲ್ಲೇ ಉಳಿದು, ತಿಂದ ಗೂಬೆಯನ್ನೂ ಬೆಕ್ಕನ್ನೂ ಕೊಲ್ಲುತ್ತವೆ. ಇಲಿಯ ವೈರಿ ಸತ್ತರೆ ಮುಂದಿನ ಸುಗ್ಗಿಗೆ ಇಲಿ ಇಮ್ಮಡಿಯಾಗಿ ಬರುತ್ತದೆ.

ಬದುವಿನ ಕೇರೆಹಾವಿನದೂ ಇದೇ ಕಥೆ. ಅದಕ್ಕೆ ವಿಷವಿಲ್ಲ, ಇಲಿಯ ಬಿಲದೊಳಕ್ಕೇ ನುಗ್ಗಿ ಹಿಡಿಯುತ್ತದೆ. ಕೇರೆ ಬಂದು ಎಮ್ಮೆಯ ಕೆಚ್ಚಲಿನಿಂದ ಹಾಲು ಕುಡಿಯುತ್ತದೆ ಎಂಬುದು ಸುಳ್ಳು. ಹಾವಿನ ಬಾಯಿ ಹೀರಲು ಬರುವಂಥದಲ್ಲ. ಆದರೂ ಹುಲ್ಲಿನಲ್ಲಿ ಕಂಡ ಹಾವು ಕೇರೆಯೋ ನಾಗರವೋ ಎಂದು ಬಗ್ಗಿ ನೋಡಲು ಹೋಗಬಾರದು. ರಾತ್ರಿ ನೀರು ಹಾಯಿಸಲು ಹೋಗುವಾಗ ಬ್ಯಾಟರಿ, ಕಾಲಿಗೆ ಬೂಟು ಇರಲಿ. ನಾಗರ, ಕಟ್ಟುಹಾವು, ಕೊಳಕುಮಂಡಲಗಳು ಕಚ್ಚಿದರೆ ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು ಏನೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಸದೆ, ಕೂಡಲೇ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಿರಿ.

ನೆಲದ ಮೇಲಿನ ಮೊಟ್ಟೆ

ಬೇಸಗೆಯಲ್ಲಿ ಹೊಲ ಹಸನು ಮಾಡುವಾಗ ತಲೆಯ ಮೇಲೆ ಸುತ್ತುತ್ತ ಚೀರಾಡುವ ಉದ್ದ ಕಾಲಿನ ಹಕ್ಕಿ ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ಚರ್ಮ ಇರುತ್ತದೆ. ಇನ್ನೊಂದು ಜಾತಿಗೆ ಹಳದಿ. ಅದು ಅಷ್ಟು ಗಲಾಟೆ ಮಾಡುತ್ತಿದ್ದರೆ ಹತ್ತಿರದಲ್ಲೇ ಮೊಟ್ಟೆಯೋ ಮರಿಯೋ ಇದೆಯೆಂದು ತಿಳಿಯಿರಿ. ಗೂಡೆಂದರೆ ಬರೀ ನೆಲದ ಒಂದು ತಗ್ಗು, ಸುತ್ತಲೂ ಒಂದಿಷ್ಟು ಸಣ್ಣ ಕಲ್ಲು, ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆ ಕಾಲಡಿಯಲ್ಲಿದ್ದರೂ ಕಾಣುವುದಿಲ್ಲ. ಉರಿಬಿಸಿಲಿನಲ್ಲಿ ಈ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಕಾವು ಸುಮಾರು ನಾಲ್ಕು ವಾರ. ಮರಿಗಳು ಹೊರಬಿದ್ದ ಸ್ವಲ್ಪ ಹೊತ್ತಿಗೇ ಓಡಲು ತೊಡಗುತ್ತವೆ. ಗೂಡು ಕಂಡರೆ ನಾಲ್ಕು ಕಡೆ ಕಡ್ಡಿ ನೆಟ್ಟು ಒಂದು ಮಾರು ಜಾಗ ಬಿಟ್ಟು ಉತ್ತರೆ ಆಯಿತು. ನೆಲದ ಹುಳು ಹುಪ್ಪಟೆಗಳನ್ನು ತಿನ್ನುವ ಹಕ್ಕಿಗೆ ಒಂದು ಮಾರು ನೆಲ ಒಂದು ತಿಂಗಳ ಮಟ್ಟಿಗೆ ಬಿಡುವುದು ದೊಡ್ಡ ದಾನವಲ್ಲ.

ಊರಿಗೆ ಊರೇ ಹಕ್ಕಿಗೆ ಜಾಗ ಬಿಟ್ಟ ಉದಾಹರಣೆ ನಮ್ಮಲ್ಲೇ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳ ಮೇಲೆಯೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷ ವರ್ಷ ಬಂದು ಗೂಡು ಕಟ್ಟುತ್ತವೆ. ಹುಣಿಸೆ ಮರದ ಮೇಲೆ ಹಕ್ಕಿ ಕೂತರೆ ಹುಣಿಸೆ ಫಸಲಿಗೆ ನಷ್ಟ, ಅಂಗಳವೆಲ್ಲ ಗಲೀಜು, ಮೀನಿನ ವಾಸನೆ. ಹೀಗಿದ್ದರೂ ಬಾಣಂತನಕ್ಕೆ ಬಂದ ಮನೆಮಗಳಂತೆ ಆ ಹಕ್ಕಿಗಳನ್ನು ಊರಿನವರು ನೋಡಿಕೊಂಡಿದ್ದಾರೆ. ಉದುರಿದ ಹಿಕ್ಕೆಯನ್ನು ಮಣ್ಣಿನೊಡನೆ ಸೇರಿಸಿ ಗೊಬ್ಬರವಾಗಿಯೂ ಬಳಸಿಕೊಂಡಿದ್ದಾರೆ. ೨೦೦೭ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಹೊರಗಿನವರು ಅಲ್ಲಿಗೆ ಹೋಗಿ ನೋಡಿ ಮೆಚ್ಚುವುದು ಸುಲಭ, ಆ ಗಲೀಜನ್ನು ದಿನವೂ ಗುಡಿಸುವ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಮೆಚ್ಚುಗೆಯೇ ಹೆಚ್ಚಿನದು.

ಕಾಣದಾದ ರಣಹದ್ದು

ಇಲ್ಲಿಯವರೆಗೆ ಹೇಳಿದ್ದು ದಾರಿಯಲ್ಲಿ ಕಾಣುವ ಹಕ್ಕಿಗಳ ಮಾತು. ಈಗ ಕಾಣದ ಹಕ್ಕಿಯ ಮಾತು. ನಿಮ್ಮ ಮನೆಯ ಹಿರಿಯರನ್ನು ಕೇಳಿರಿ: ಊರಾಚೆ ಸತ್ತ ಎತ್ತನ್ನು ಎಸೆದರೆ ಮುಗಿಲಿನಿಂದ ರಣಹದ್ದುಗಳು ಇಳಿದು, ಸಂಜೆಯೊಳಗೆ ಬರೀ ಎಲುಬು ಬಿಡುತ್ತಿದ್ದವು. ಈಗ ಅಲ್ಲಿ ಇರುವುದು ನಾಯಿಯ ಹಿಂಡು. ಬಿಳಿಬೆನ್ನಿನ ರಣಹದ್ದು ೧೯೯೦ರ ದಶಕದ ಮೊದಲಿನಿಂದ ೨೦೦೭ರ ಹೊತ್ತಿಗೆ ಭಾರತದಲ್ಲಿ ನೂರಕ್ಕೆ ೯೯ಕ್ಕಿಂತಲೂ ಹೆಚ್ಚು ಕಡಿಮೆಯಾಯಿತು.

ಇದಕ್ಕೆ ಕಾರಣ ಬೇಟೆಯೂ ಅಲ್ಲ, ರೋಗವೂ ಅಲ್ಲ. ದನಗಳಿಗೆ ನೋವು, ಬಾವು, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ. ಅದನ್ನು ಚುಚ್ಚಿಸಿಕೊಂಡ ಮೇಲೆ ಬೇಗನೆ ಸತ್ತ ದನದ ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಮೈಯೊಳಗೆಲ್ಲ ಸುಣ್ಣದಂಥ ಬಿಳಿಯ ಪದಾರ್ಥ ಕೂತು, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ೨೦೦೪ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಇದು ತಿಳಿದುಬಂತು. ಒಂದೇ ಹೆಣಕ್ಕೆ ಹತ್ತಾರು ಹದ್ದುಗಳು ಸೇರುವುದರಿಂದ, ಸಾವಿರದಲ್ಲಿ ಕೆಲವೇ ಹೆಣಗಳಲ್ಲಿ ಔಷಧಿಯಿದ್ದರೂ ಸಂತತಿಯೇ ಅಳಿಯಲು ಸಾಕಾಯಿತು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ; ಕಳೆದುಹೋದದ್ದನ್ನು ಬೇಗ ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ದನಗಳಿಗೆ ಈ ಔಷಧಿ ಕೊಡುವುದನ್ನು ಭಾರತದಲ್ಲಿ ೨೦೦೬ರಲ್ಲಿ ನಿಷೇಧಿಸಲಾಯಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಶೀಶೆಗಳನ್ನು ತಂದು ದನಕ್ಕೆ ಚುಚ್ಚುವುದು ನಡೆದೇ ಇತ್ತು. ಅದನ್ನು ತಡೆಯಲು ೨೦೧೫ರಲ್ಲಿ ಮೂರು ಮಿಲಿಲೀಟರಿನ ಒಂದೇ ಸಲಕ್ಕೆ ಆಗುವ ಶೀಶೆಗೆ ಮಿತಿಗೊಳಿಸಿದರು. ೨೦೨೩ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡು ಔಷಧಿಗಳನ್ನೂ ದನಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಉಳಿದುಕೊಂಡಿರುವ ತಾಣಗಳಲ್ಲೊಂದು ರಾಮನಗರದ ರಾಮದೇವರ ಬೆಟ್ಟ. ಶೋಲೆ ಚಿತ್ರ ತೆಗೆದ ಬಂಡೆಗಳ ನೆರೆಯ ಈ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ರಣಹದ್ದು ಆಹಾರ ಹುಡುಕುತ್ತ ದಿನಕ್ಕೆ ಹತ್ತಾರು ಮೈಲಿ ಹಾರುವುದರಿಂದ, ಬೆಟ್ಟದಲ್ಲಿ ಕಾವಲಿದ್ದರೂ ದೂರದ ಹಳ್ಳಿಯ ಕೊಟ್ಟಿಗೆಯಲ್ಲಿ ಕೊಟ್ಟ ಚುಚ್ಚುಮದ್ದು ಅದರ ಪ್ರಾಣಕ್ಕೆ ಬರಬಹುದು.

ನಿಮ್ಮ ದನ ಕುಂಟಿದಾಗ, ಕೆಚ್ಚಲು ಬಾತಾಗ, ಮೆಡಿಕಲ್ ಅಂಗಡಿಯಿಂದ ನೀವೇ ಶೀಶೆ ತಂದು ಚುಚ್ಚಿಸಬೇಡಿರಿ. ಪಶುವೈದ್ಯರನ್ನು ಕರೆಸಿ, ನೋವಿಗೆ ಯಾವ ಔಷಧಿ ಕೊಡುತ್ತಿದ್ದೀರಿ ಎಂದು ಹೆಸರು ಕೇಳಿರಿ; ಮೆಲೊಕ್ಸಿಕಾಮ್ ಕೊಡಬಹುದೇ ಎಂದು ವಿಚಾರಿಸಿರಿ. ಅದು ದನದ ನೋವಿಗೂ ಆಗುತ್ತದೆ, ರಣಹದ್ದಿಗೂ ಅಪಾಯವಿಲ್ಲವೆಂದು ಪರೀಕ್ಷೆಯಿಂದ ತಿಳಿದಿದೆ. ಯಾವ ಔಷಧಿ ಕೊಟ್ಟರೆಂಬುದು ಗೊತ್ತಿಲ್ಲದೆ ದನ ಸತ್ತರೆ ಹೆಣವನ್ನು ಬಯಲಿಗೆ ಎಳೆದು ಹಾಕದೆ, ಆಳವಾದ ಗುಣಿ ತೆಗೆದು ಸುಣ್ಣ ಹಾಕಿ ಹೂಳಿರಿ.